ಷರಾ ಕಾಲಂ

ಮಾತಾಡುವವರು ಇಬ್ಬರು. ಒಬ್ಬರು ಇಚಲಕರಂಜಿಯಲ್ಲಿ ಗ್ರೇ ಬಟ್ಟೆಯ ವ್ಯಾಪಾರ ಮಾಡುತ್ತಲೇ ತಲೆ ಬೆಳ್ಳಗಾದವರು. ಇನ್ನೊಬ್ಬಳು ಅವರ ಅಣ್ಣನ ಮಗಳು. ಕೊಲ್ಹಾಪುರದಲ್ಲಿ ಅಂಗಡಿ, ಕಾರ್ಖಾನೆಗಳಿಗೆ ಸಾಫ್ಟ್‌ವೇರ್ ಹೊಂದಿಸಿ ಕೊಡುವ ಕೆಲಸ ಅವಳದು. ಮನೆತನದ ವ್ಯಾಪಾರ ಮೂರು ಕಡೆ ಹಂಚಿಕೊಂಡಿದೆ: ಇಚಲಕರಂಜಿಯಲ್ಲಿ ಗೋದಾಮು, ಕೊಲ್ಹಾಪುರದಲ್ಲಿ ಲೆಕ್ಕದ ಆಫೀಸು, ಗಡಹಿಂಗ್ಲಜದಲ್ಲಿ ಸಗಟು ಅಂಗಡಿ. ಮನೆಯ ಮಾತು ಕನ್ನಡ, ಖಾತೆ ಪುಸ್ತಕ ಮರಾಠಿ, ಈಗ ಬಂದಿರುವ ಸಾಫ್ಟ್‌ವೇರ್ ಇಂಗ್ಲಿಷ್. ಗಿರಾಕಿಗಳ ಮಾಹಿತಿಯನ್ನೆಲ್ಲ ಒಂದೇ ಕಡೆ ಇಡುವ, ಸಿಆರ್‌ಎಂ ಎಂದು ಎಲ್ಲರೂ ಕರೆಯುವ ಸಾಫ್ಟ್‌ವೇರ್ ಅದು. ಅದರಲ್ಲಿ ಯಾವ ಕಾಲಂ ಇರಬೇಕು, ಯಾವುದು ಬೇಡ ಎಂಬುದೇ ಮಾತಿನ ವಿಷಯ.

ಕಾಕಾ: ಇದರಾಗ ಆಗಲೇ ಕಾಲಂ ಕಿಕ್ಕಿರದು ತುಂಬ್ಯಾವಲ್ಲ ತಂಗಿ. ಇದೇನಿದು, ಟಿಕರ್ ಸಿಂಬಲ್?

ಆಕಿ: ಶೇರು ಮಾರ್ಕೆಟ್ಟಿನ್ಯಾಗ ಕಂಪನಿಗೆ ಕೊಡೋ ಗುರುತು, ಕಾಕಾ. ಇಂಥಾ ಸಾಫ್ಟ್‌ವೇರಿನ ಅಚ್ಚು ಬಿದ್ದಿದ್ದು ಅಮೆರಿಕಾದಾಗ. ಸೇಲ್ಸ್‌ಫೋರ್ಸ್ ಅನ್ನೋ ಕಂಪನಿ 1999ರಾಗ ಸ್ಯಾನ್ ಫ್ರಾನ್ಸಿಸ್ಕೋದಾಗ ಹುಟ್ಟಿತು. ನಮ್ಮ ಚೆನ್ನೈನ ಝೋಹೋದವರು 2005ರಾಗ ತಮ್ಮ ಸಿಆರ್‌ಎಂ ತಂದ್ರು. ದೊಡ್ಡ ದೊಡ್ಡ ಕಂಪನಿಗೆ ಮಾಲು ಮಾರೋ ಮಂದಿಗೆ ಏನೇನು ಬೇಕಿತ್ತೋ ಆ ಕಾಲಂ ಎಲ್ಲಾ ತಯಾರ ಬರ್ತಾವ. ಫ್ಯಾಕ್ಸ್, ನೌಕರರ ಸಂಖ್ಯೆ, ವರ್ಷದ ವಹಿವಾಟು.

ಕಾಕಾ: ಸಂಕೇಶ್ವರದ ಅಂಗಡಿಯಂವಗ ನಿನ್ನ ಶೇರು ಮಾರ್ಕೆಟ್ಟಿನ ಗುರುತು ಏನಪಾ ಅಂತ ಕೇಳಿದ್ರ, ಚಹಾನೂ ಕುಡೀದ ಎದ್ದು ಹೋಗ್ತಾನ.

ಆಕಿ: ಅದಕ್ಕ ಮೊದಲ ಕೆಲಸ ಸೇರಸೋದಲ್ಲ, ಮುಚ್ಚೋದು. ತಯಾರ ಬಂದ ಕೆಲವು ಕಾಲಂ ಅಳಸಾಕ ಬರೂದಿಲ್ಲ, ಪರದೆ ಮ್ಯಾಲ ಕಾಣದಂಗ ಮಾಡಬಹುದು. ಇನ್ನ ನಿಮ್ಮ ಹಾಳಿ ತೆಗೀರಿ. ನೀವು ಬರಕೊಂಡು ಬಂದ ಒಂದೊಂದು ಕಾಲಮ್ಮಿಗೂ ನಾ ಎರಡು ಮಾತು ಕೇಳ್ತೀನಿ. ಇದನ್ನ ತುಂಬೋರು ಯಾರು? ತುಂಬಿದ್ದನ್ನ ಯಾರು, ಯಾವಾಗ ನೋಡಿ, ಏನು ಮಾಡೋರು? ಎರಡನೇದಕ್ಕ ಉತ್ತರ ಇಲ್ಲಂದ್ರ ಕಾಲಂ ಇಲ್ಲ.

ಕಾಕಾ: ಬರಕೋ ಹಂಗಾದ್ರ. ಹೆಸರು, ಊರು, ಫೋನು. ಇದಕ್ಕೂ ತಕರಾರು ಐತೇನು?

ಆಕಿ: ಊರಿಗೇ ಐತಿ. ಇದರಾಗ ಸಿಟಿ, ಸ್ಟೇಟ್, ಝಿಪ್ ಅಷ್ಟ ಐತಿ, ತಾಲೂಕು ಇಲ್ಲ. ನೂಲಿನಂವ, ಹಲಕರ್ಣಿಯಂವ ಇಬ್ಬರೂ ಗಡಹಿಂಗ್ಲಜ ಅಂತನ ಬರಸ್ತಾರ. ಇನ್ನ ಗಡಹಿಂಗ್ಲಜವನ್ನ ಇಂಗ್ಲಿಷಿನ್ಯಾಗ ಒಬ್ಬ ಎಚ್ ಹಾಕಿ ಬರೀತಾನ, ಇನ್ನೊಬ್ಬ ಎಚ್ ಬಿಟ್ಟು ಬರೀತಾನ, ಮೂರನೇದಂವ ಬರೇ ಜಿಡಿಎಲ್ ಅಂತಾನ. ಮನುಷ್ಯಾಗ ಮೂರೂ ಒಂದ ಊರು, ಯಂತ್ರಕ್ಕ ಮೂರು ಊರು. ಅದಕ್ಕ ತಾಲೂಕನ್ನ ಆರಿಸೋ ಪಟ್ಟಿ ಮಾಡೂಣು: ಗಡಿಯ ಈ ಕಡೆ ಗಡಹಿಂಗ್ಲಜ, ಆಜರಾ, ಚಂದಗಡ, ಕಾಗಲ, ಹಾತಕಣಂಗಲೆ, ಶಿರೋಳ; ಆ ಕಡೆ ಹುಕ್ಕೇರಿ, ನಿಪ್ಪಾಣಿ, ಚಿಕ್ಕೋಡಿ. ಊರನ್ನ ಮಾತ್ರ ಟೈಪ್ ಮಾಡ್ಲಿ.

ಕಾಕಾ: ಫೋನು ಬರೇ ನಂಬರು. ಅದರಾಗೇನು ತಪ್ಪು ಆಗ್ತೈತಿ?

ಆಕಿ: ನಂಬರ್ ಅಂತ ನಮೂನಿ ಆರಿಸಿದ್ರ ಅಲ್ಲೇ ತಪ್ಪು. ಇಚಲಕರಂಜಿಯ ಎಸ್‌ಟಿಡಿ ಕೋಡ್ 0230. ನಂಬರ್ ಕಾಲಮ್ಮಿನ್ಯಾಗ ಹಾಕಿದ್ರ ಮುಂದಿನ ಸೊನ್ನಿ ತಾನ ಹಾರಿ ಹೋಗ್ತೈತಿ, 230 ಉಳೀತೈತಿ. ಕೊಲ್ಹಾಪುರದ 0231ಕ್ಕೂ ಅದ ಗತಿ, ಗಡಹಿಂಗ್ಲಜದ 02327ಕ್ಕೂ ಅದ ಗತಿ. ಕೂಡಸೋದು, ಗುಣಸೋದು ಇಲ್ಲದ ಅಂಕಿಯನ್ನ ನಂಬರ್ ಅಂತ ಇಡಬಾರದು. ಫೋನು, ಪಿನ್ ಕೋಡು, ಬ್ಯಾಂಕಿನ ಖಾತೆ ನಂಬರು, ಯಾವುದನ್ನೂ ಇಡಬಾರದು.

ಕಾಕಾ: ಮುಂದ ಜಿಎಸ್‌ಟಿ ನಂಬರು, ರಾಜ್ಯ, ಪ್ಯಾನ್, ಒಬ್ಬನ ಅಂಗಡಿಯೋ ಪಾಲುದಾರರದೋ. ನಾಕು ಕಾಲಂ.

ಆಕಿ: ಒಂದ ಸಾಕು. ಜಿಎಸ್‌ಟಿ ನಂಬರಿನ್ಯಾಗ 15 ಅಕ್ಷರ. ಮೊದಲಿನ ಎರಡು ರಾಜ್ಯದ್ದು, ಮಹಾರಾಷ್ಟ್ರಕ್ಕ 27, ಕರ್ನಾಟಕಕ್ಕ 29. ಮುಂದಿನ ಹತ್ತು ಪ್ಯಾನ್. ಪ್ಯಾನಿನ ನಾಕನೇ ಅಕ್ಷರ ಪಿ ಇದ್ರ ಒಬ್ಬನ ಹೆಸರಿಂದು, ಎಫ್ ಇದ್ರ ಪಾಲುದಾರಿಕಿ, ಸಿ ಇದ್ರ ಕಂಪನಿ, ಎಚ್ ಇದ್ರ ಹಿಂದೂ ಅವಿಭಕ್ತ ಕುಟುಂಬ. ಒಂದನ್ನ ತುಂಬಿದ್ರ ಉಳಿದ ಮೂರನ್ನ ಫಾರ್ಮುಲಾ ಹಾಕಿ ಯಂತ್ರನ ತೆಗೀತೈತಿ. ಮಾಲು ಸಂಕೇಶ್ವರಕ್ಕ ಹೊಂಟ್ರ ಐಜಿಎಸ್‌ಟಿ, ಆಜರಾಕ್ಕ ಹೊಂಟ್ರ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎರಡೂ ಅನ್ನೋದೂ ಆ ಮೊದಲಿನ ಎರಡು ಅಂಕಿ ನೋಡಿದ್ರ ಗೊತ್ತಾಗ್ತೈತಿ.

ಇಲ್ಲಿಯ ತನಕದ್ದು ಯಾವ ಊರಿನ ಅಂಗಡಿಗೂ ಒಪ್ಪುವ ಮಾತು. ಇಚಲಕರಂಜಿಯ ಬಟ್ಟೆಗೆ ಬಂದಾಗ ಕಾಕಾನ ದನಿ ಬದಲಾಯಿತು, ಯಾಕೆಂದರೆ ಅಲ್ಲಿ ಅವರೇ ಗುರು.

ಕಾಕಾ: ಕ್ವಾಲಿಟಿಗೆ ಒಂದ ಕಾಲಂ ಇಡು, ನಿನ್ನ ಜಾಣತನ ಬ್ಯಾಡ. ನಲವತ್ತು ನಲವತ್ತು, ನೂರಾ ಮೂವತ್ತೆರಡು ಎಪ್ಪತ್ತೆರಡು, ಅರವತ್ತಮೂರು. ಒಂದ ಉಸುರಿನ್ಯಾಗ ಮುಗೀತು. ಬಾಲೋತ್ರಾದಂವಗೂ ತಿಳೀತೈತಿ, ಜೇತಪುರದಂವಗೂ ತಿಳೀತೈತಿ.

ಗ್ರೇ ಬಟ್ಟೆಯ ಜಾತಕವೆಲ್ಲ ಆ ಐದು ಅಂಕಿಯಲ್ಲಿದೆ. ಹಾಸಿನ ನೂಲು 40 ಕೌಂಟು, ಹೊಕ್ಕಿನ ನೂಲೂ 40. ಕೌಂಟು ಏರಿದಷ್ಟೂ ನೂಲು ಸಣ್ಣ. ಇಂಚಿಗೆ ಹಾಸಿನ ಎಳೆ 132, ಹೊಕ್ಕಿನ ಎಳೆ 72. ಮೊದಲಿನದಕ್ಕೆ ಪೇಟೆಯಲ್ಲಿ ರೀಡ್ ಎನ್ನುತ್ತಾರೆ, ಎರಡನೆಯದಕ್ಕೆ ಪಿಕ್. ಪನ್ನ, ಅಂದರೆ ಅಗಲ, 63 ಇಂಚು. ಬಣ್ಣ ಕಾಣದ, ಮಗ್ಗದಿಂದ ಇಳಿದ ಹಾಗೇ ಇರುವ ಈ ಬಟ್ಟೆ ಇಲ್ಲಿಂದ ರಾಜಸ್ಥಾನ, ಗುಜರಾತಿನ ಬಣ್ಣದ ಕಾರ್ಖಾನೆಗಳಿಗೆ ಹೋಗುತ್ತದೆ.

ಆಕಿ: ನಿಮ್ಮ ಉಸುರಿನ್ಯಾಗ ಮುಗೀತೈತಿ, ಖರೇ. ಬರಿಯೋವಾಗ ಒಬ್ಬ ನಡುವ ಗುಣಾಕಾರ ಚಿಹ್ನೆ ಹಾಕ್ತಾನ, ಒಬ್ಬ ಓರೆ ಗೆರೆ ಎಳೀತಾನ, ಒಬ್ಬ ಪನ್ನ ಮೊದಲ ಬರೀತಾನ. ನಾಳೆ ಒಬ್ಬ ಪಾರ್ಟಿ ಫೋನ್ ಮಾಡಿ, ನಲವತ್ತರ ಹಾಸು ಇರಲಿ, ಪಿಕ್ ಎಪ್ಪತ್ತಕ್ಕ ಕಮ್ಮಿ ಬ್ಯಾಡ, ಪನ್ನ ಅರವತ್ತರ ಮ್ಯಾಲ ಇದ್ದದ್ದು ಯಾರ ಕಡೆ ಐತಿ ಅಂತಾನ. ಹುಡುಕೋರು ಯಾರು?

ಕಾಕಾ: ನಾನು. ನನ್ನ ತಲಿಯೊಳಗ ಐತಿ.

ಆಕಿ: ಅದನ್ನ ನಿಮ್ಮ ತಲಿಯಿಂದ ಹೊರಗ ತರಾಕನ ಈ ಖಟಪಟಿ. ಐದಕ್ಕ ಐದು ನಂಬರ್ ಕಾಲಂ ಇಡ್ತೀನಿ. ಇವನ್ನ ಹೋಲಸಿ ನೋಡೋದಿರ್ತೈತಿ, ಗುಣಸೋದಿರ್ತೈತಿ, ಅದಕ್ಕ ಇವು ನಂಬರ್ ಇರಬೇಕು. ಆರನೇ ಕಾಲಂ ಯಾರೂ ತುಂಬೋದಲ್ಲ. ಐದನ್ನೂ ಜೋಡಿಸಿ ನೀವು ಹೇಳೋ ಧಾಟಿಯೊಳಗ ಒಂದು ಸಾಲು ಮಾಡಿ ತೋರಸ್ತೈತಿ. ಪರದೆ ಮ್ಯಾಲ ನಿಮಗ ಅದ ಒಂದು ಸಾಲು ಕಾಣ್ತೈತಿ.

ಕಾಕಾ: ಗಿರಾಕಿ ಎದುರಿಗೆ ಕೂತಾಗ ಐದು ಸಲ ಟೈಪ್ ಮಾಡ್ಕೋತ ಕೂಡಬೇಕೇನು?

ಆಕಿ: ಬ್ಯಾಡ. ಕ್ವಾಲಿಟಿಗೇ ಒಂದು ಬ್ಯಾರೆ ಪಟ್ಟಿ ಇರ್ತೈತಿ. ಹೊಸ ಕ್ವಾಲಿಟಿ ಬಂದಾಗ ಒಂದ ಸಲ ತುಂಬೋದು, ಸೌದಾ ಬರಿಯೋವಾಗ ಪಟ್ಟಿಯಿಂದ ಎತ್ತೋದು.

ಕಾಕಾ: ಹ್ಞೂಂ, ನಡೀತೈತಿ. ಇನ್ನ ಮಜೂರಿ ದರ. ಜಾಬ್ ಮ್ಯಾಲ ನೇಯೋರಿಗೆ ಪಿಕ್ಕಿಗೆ ಇಷ್ಟು ಪೈಸಾ ಅಂತ ಕೊಡ್ತೀವಲ್ಲ, ಅದು. ಹತ್ತೂಕಾಲು ಪೈಸಾ ಅಂತ ಹಿಡಿ. ರೊಕ್ಕದ ಕಾಲಂ ಇಡು.

ಆಕಿ: ಆ ರೊಕ್ಕದ ಕಾಲಮ್ಮಿನ್ಯಾಗ ಸಾಮಾನ್ಯವಾಗಿ ದಶಾಂಶದ ಮುಂದ ಎರಡ ಮನಿ. ಹತ್ತೂಕಾಲು ಪೈಸಾ ಅಂದ್ರ ರೂಪಾಯಿಯೊಳಗ 0.1025. ಅದು 0.10 ಅಂತ ಕೂತುಬಿಡ್ತೈತಿ. ಎಪ್ಪತ್ತೆರಡು ಪಿಕ್ಕಿನ ಬಟ್ಟೆಗೆ ಮೀಟರಿಗೆ 7 ರೂಪಾಯಿ 38 ಪೈಸಾ ಆಗಬೇಕಾದಲ್ಲಿ 7 ರೂಪಾಯಿ 20 ಪೈಸಾ ಆಗ್ತೈತಿ.

ಕಾಕಾ: ಹದಿನೆಂಟು ಪೈಸಾ ಫರಕು.

ಆಕಿ: ಹತ್ತು ಸಾವಿರ ಮೀಟರಿಗೆ 1,800 ರೂಪಾಯಿ. ನೇಕಾರ ಅಂಗಡಿಗೆ ಬಂದು ಜಗಳಾ ತಗದಾಗ ನೀವು ನಮ್ಮ ಹುಡುಗರನ್ನ ಬೈತೀರಿ, ಹುಡುಗರು ಬರೋಬ್ಬರಿನ ತುಂಬಿರ್ತಾರ. ಅದಕ್ಕ ಈ ದರವನ್ನ ರೂಪಾಯಿಯೊಳಗ ಇಡಬಾರದು, ಪೈಸಾದೊಳಗ ಇಡಬೇಕು. ಸಾದಾ ದಶಾಂಶದ ಕಾಲಂ, ಹೆಸರಿನ್ಯಾಗನ ‘ಪಿಕ್ ದರ, ಪೈಸಾ’ ಅಂತ ಅಳತಿ ಬರದಿರಬೇಕು. ಉದ್ದ ಇದ್ರ ಮೀಟರ್ ಅಂತ, ಪನ್ನ ಇದ್ರ ಇಂಚು ಅಂತ.

ಕಾಕಾ: ಇದು ಮಾತ್ರ ಪಕ್ಕಾ ವ್ಯಾಪಾರದ ಮಾತಾಡಿದಿ. ಬರಕೋ, ದಲಾಲನ ಹೆಸರು. ಗಿರಾಕಿ ಹೆಸರಿನ ಕೆಳಗನ ಇಡು.

ಆಕಿ: ಒಬ್ಬ ಗಿರಾಕಿಗೆ ಯಾವಾಗಲೂ ಒಬ್ಬನ ದಲಾಲ ಏನು?

ಕಾಕಾ: ಹಂಗೇನಿಲ್ಲ. ಈ ತಿಂಗಳ ಒಬ್ಬ ಸೌದಾ ತರ್ತಾನ, ಮುಂದಿನ ತಿಂಗಳ ಇನ್ನೊಬ್ಬ. 1904ರಾಗ ವಿಠ್ಠಲರಾವ್ ದಾತಾರರು ಇಚಲಕರಂಜಿಗೆ ಮೊದಲನೇ ಪವರ್‌ಲೂಮ್ ತಂದ್ರು. ಜಹಗೀರದಾರ ನಾರಾಯಣರಾವ್ ಬಾಬಾಸಾಹೇಬ ಘೋರ್ಪಡೆಯವರ ಆಸರಾ ಇತ್ತು. ಮಗ್ಗ ಹೊಸಾವು ಬಂದು ಈಗ ಏರ್‌ಜೆಟ್ ತನಕ ಬಂತು, ಆದ್ರ ಸೌದಾ ಇನ್ನೂ ಬಾಯಿಮಾತಿನ ಮ್ಯಾಲ ನಿಂತೈತಿ. ನಡುವ ನಿಂತು ಹೌದು ಅನ್ನೋಂವ ದಲಾಲ.

ಆಕಿ: ಹಂಗಾದ್ರ ಅಂವ ಗಿರಾಕಿಯ ಕಾಲಂ ಅಲ್ಲ, ಸೌದಾದ ಕಾಲಂ. ಅವನಿಗೆ ಬ್ಯಾರೆ ಒಂದು ಪುಟ ಮಾಡಿ, ಸೌದಾದಿಂದ ಆ ಪುಟಕ್ಕ ಕೊಂಡಿ ಹಾಕ್ತೀನಿ. ಆಗ ವರ್ಷದ ಕಡೀಗೆ ಯಾವ ದಲಾಲ ತಂದ ಸೌದಾದಾಗ ರೊಕ್ಕ ಯಾವಾಗ ಬಂತು, ಎಷ್ಟು ಮಾಲು ಹೊಳ್ಳಿ ಬಂತು, ಎಲ್ಲಾ ಅವನ ಪುಟದಾಗನ ಸಿಗ್ತೈತಿ. ಬರೇ ಹೆಸರು ಟೈಪ್ ಮಾಡಿ ಇಟ್ರ ಏನೂ ಸಿಗೂದಿಲ್ಲ.

ಕಾಕಾ: ಉದ್ರಿ ದಿನ? ಅದು ಗಿರಾಕಿದ್ದ ಅಲ್ಲ?

ಆಕಿ: ಎರಡೂ ಕಡೆ ಬೇಕು. ಗಿರಾಕಿ ಪುಟದಾಗ ರೂಢಿಯ ಉದ್ರಿ ದಿನ. ಸೌದಾ ಆದ ದಿನ ಅದನ್ನ ಸೌದಾದೊಳಗ ನಕಲು ಮಾಡಬೇಕು, ಬರೇ ತೋರಸಬಾರದು. ತೋರಸಿದ್ರ ಏನಾಗ್ತೈತಿ ಅಂದ್ರ, ಇವತ್ತ ಅವನ ಉದ್ರಿ 60ರಿಂದ 30ಕ್ಕ ಇಳಿಸಿದ್ರಿ ಅಂತ ತಿಳೀರಿ, ಹೋದ ವರ್ಷದ ಸೌದಾ ಎಲ್ಲಾ ಕುಂತಲ್ಲೇ ತಡಾ ಆಗಿ ಕೆಂಪಗ ಕಾಣ್ತಾವ.

ಕಾಕಾ: ನಾವು ಕೊಡೋದರ ಲೆಕ್ಕ ಬ್ಯಾರೆ ತಂಗಿ. ಉದ್ಯಮ್ ನೋಂದಣಿ ಇರೋ ಸಣ್ಣ ನೇಕಾರನ ಕಡೆ ಮಾಲು ತಗೊಂಡ್ರ 45 ದಿನದಾಗ ರೊಕ್ಕ ಮುಟ್ಟಸಬೇಕು ಅಂತ ಆಡಿಟರ್ ಗಂಟ ಬಿದ್ದಾರ.

ಆಕಿ: 2024ರ ಏಪ್ರಿಲ್ 1ರಿಂದ ಆದಾಯ ತೆರಿಗಿ ಕಾನೂನಿನ್ಯಾಗ ಬಂದದ್ದು ಅದು. ಬರದ ಕರಾರು ಇದ್ರ ಹೆಚ್ಚಂದ್ರ 45 ದಿನ, ಇಲ್ಲದಿದ್ರ 15 ದಿನ. ಮೀರಿದ್ರ ಆ ಖರ್ಚು ನೀವು ಕೊಟ್ಟ ವರ್ಷದಾಗಷ್ಟ ಲೆಕ್ಕಕ್ಕ ಬರ್ತೈತಿ. ದಿನ ಎಣಿಸೋದು ಮಾಲು ಒಪ್ಪಿಕೊಂಡ ದಿನದಿಂದ. ನಿಮ್ಮ ಹಾಳ್ಯಾಗ ಬಿಲ್ಲಿನ ದಿನಾಂಕ ಐತಿ, ಮಾಲು ಒಪ್ಪಿಕೊಂಡ ದಿನಾಂಕ ಇಲ್ಲ. ಅದನ್ನೂ ಉದ್ಯಮ್ ನಂಬರನ್ನೂ ಸೇರಸ್ತೀನಿ. ಇದಕ್ಕ ನೋಡೋರು ಅದಾರ, ನಿಮ್ಮ ಆಡಿಟರ್.

ಕಾಕಾ: ಇಷ್ಟೆಲ್ಲಾ ಬೇಕಂದ್ಮ್ಯಾಲ ಎಲ್ಲಾದಕ್ಕೂ ಕೆಂಪು ಚುಕ್ಕಿ ಇಡು. ತುಂಬಲಾರದ ಮುಂದ ಹೋಗಬಾರದು.

ಆಕಿ: ಇಟ್ಟು ನೋಡ್ರಿ ಬೇಕಾದ್ರ. ಎಲ್ಲಾರ ಹುಟ್ಟಿದ ದಿನ ಜನವರಿ 1 ಆಗ್ತೈತಿ, ಎಲ್ಲಾರ ಮೊಬೈಲ್ ಹತ್ತು ಸಲ 9 ಆಗ್ತೈತಿ. ಖಾಲಿ ಕಾಲಂ ಕನಿಷ್ಠ ಖರೇ ಹೇಳ್ತೈತಿ, ಗೊತ್ತಿಲ್ಲ ಅಂತ. ಸುಳ್ಳು ತುಂಬಿದ ಕಾಲಂ ಗೊತ್ತೈತಿ ಅಂತ ಹೇಳ್ತೈತಿ. ಹೆಸರು, ಮೊಬೈಲ್, ತಾಲೂಕು ಇಷ್ಟಕ್ಕ ಚುಕ್ಕಿ ಇಡೂಣು. ಉಳಿದದ್ದಕ್ಕ ಸಮಯ ನೋಡಿ ಕಟ್ಟಬೇಕು: ಸೌದಾ ಪಕ್ಕಾ ಅಂತ ಒತ್ತೋವಾಗ ಉದ್ರಿ ದಿನ ಖಾಲಿ ಇದ್ರ ತಡೀತೈತಿ, ಬರೇ ವಿಚಾರಣಿ ಇದ್ದಾಗ ತಡಿಯೂದಿಲ್ಲ.

ಕಾಕಾ: ಒಂದ ಹೆಸರಿನ ಪಾಟೀಲರು ಎಷ್ಟು ಮಂದಿ ಅದಾರ ಗೊತ್ತೈತೇನು ನಮ್ಮ ಖಾತೆಯೊಳಗ?

ಆಕಿ: ಅವರಿಗೆ ಗುರುತು ಹೆಸರಲ್ಲ, ಜಿಎಸ್‌ಟಿ ನಂಬರು. ಎರಡನೇ ಸಲ ಅದ ನಂಬರ್ ಬಂದ್ರ ಸಾಫ್ಟ್‌ವೇರ್ ತಗೊಳೂದಿಲ್ಲ. ಬರೇ ಮಾಲು ಮಾರೋ ಸಣ್ಣ ಅಂಗಡಿ, ವರ್ಷದ ವಹಿವಾಟು 40 ಲಕ್ಷದ ಒಳಗ ಇದ್ರ ನೋಂದಣಿ ಇರೂದಿಲ್ಲ, ಅವರಿಗೆ ಮೊಬೈಲ್. ಅಣ್ಣತಮ್ಮಂದಿರು ಎರಡು ಅಂಗಡಿಗೆ ಒಂದ ಮೊಬೈಲ್ ಕೊಡ್ತಾರ ಅನ್ನೋದು ಗೊತ್ತೈತಿ. ಅದಕ್ಕ ಮೊಬೈಲಿಗೆ ಎಚ್ಚರಿಕಿ ಅಷ್ಟ, ತಡಿ ಇಲ್ಲ.

ಕಾಕಾ: ಇನ್ನೊಂದು ಬರಕೊಂಡೀನಿ. ಸಮಾಜ. ಲಿಂಗಾಯತರೋ, ಜೈನರೋ, ಮಾರವಾಡಿಗಳೋ. ಹಬ್ಬಕ್ಕ ಶುಭಾಶಯ ಕಳಸಾಕ ಬೇಕಾಗ್ತೈತಿ.

ಆಕಿ: ಅದು ಬ್ಯಾಡ.

ಕಾಕಾ: ಊರಿಗೆಲ್ಲಾ ಗೊತ್ತಿದ್ದದ್ದು, ನೀ ಬರಿಲಾರ್ದ ಮುಚ್ಚಿಡ್ತಿ ಏನು?

ಆಕಿ: ನಿಮಗ ಗೊತ್ತಿರೋದು ಬ್ಯಾರೆ ಕಾಕಾ, ಪಟ್ಟಿಯೊಳಗ ಇರೋದು ಬ್ಯಾರೆ. ಪಟ್ಟಿಯೊಳಗ ಇದ್ರ ಒಂದು ಗುಂಡಿ ಒತ್ತಿದ್ರ ಸಮಾಜದ ಪ್ರಕಾರ ಗಿರಾಕಿಗಳನ್ನ ಬ್ಯಾರೆ ಮಾಡಬಹುದು, ಉದ್ರಿ ಕೊಡೋವಾಗ ಅದನ್ನ ನೋಡಬಹುದು. ಇವತ್ತ ನೀವು ನೋಡಾಕಿಲ್ಲ, ನಾಳೆ ಕೂಡೋ ಮ್ಯಾನೇಜರ್ ನೋಡ್ತಾನ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳೋದೂ ಇದನ್ನ: ಹೇಳಿದ ಕೆಲಸಕ್ಕ ಬೇಕಾದಷ್ಟ ತಗೋ. ನನ್ನ ಬಗ್ಗೆ ಏನು ಇಟ್ಟೀರಿ ಅಂತ ಮನುಷ್ಯ ಕೇಳಿದ್ರ ಹೇಳಬೇಕಾಗ್ತೈತಿ. ಬೇಕಾದ್ರ ಭಾಷೆ ಇಡೂಣು, ಕನ್ನಡ, ಮರಾಠಿ, ಹಿಂದಿ. ಗಡಹಿಂಗ್ಲಜದಾಗ ಅದು ದಿನಾ ಕೆಲಸಕ್ಕ ಬರ್ತೈತಿ. ಕನ್ನಡ, ಮರಾಠಿ ಲಿಪಿಯೊಳಗ ಒಂದು ಎಸ್ಸೆಮ್ಮೆಸ್ಸಿಗೆ 70 ಅಕ್ಷರ, ಇಂಗ್ಲಿಷಿನ್ಯಾಗ 160. ಬಾಕಿ ನೆನಪಿನ ಓಲೆ ಬರಿಯೋವಾಗ ಅದರ ಮ್ಯಾಲ ಖರ್ಚು ನಿಂತೈತಿ.

ಈ ಜಾಗದಲ್ಲಿ ನಾನು ಪೂರ್ತಿ ಹುಡುಗಿಯ ಕಡೆ. ಕಾಕಾ ಒಪ್ಪಲಿಲ್ಲ, ಆದರೆ ಹಾಳೆಯ ಮೇಲಿನ ಆ ಸಾಲಿಗೆ ಅಡ್ಡಗೆರೆ ಹಾಕಿದರು. ಆಮೇಲೆ ಹಾಳೆಯ ತುದಿಯಲ್ಲಿದ್ದ ಕೊನೆಯ ಕಾಲಮ್ಮಿನ ಮೇಲೆ ಬೆರಳಿಟ್ಟರು. ಹಳೆಯ ರಜಿಸ್ಟರುಗಳಲ್ಲೆಲ್ಲ ಬಲತುದಿಗೆ ಇರುವ ಕಾಲಂ ಅದು: ಷರಾ.

ಕಾಕಾ: ಇದನ್ನೂ ಕಿತ್ತಿ ಒಗಿತೀಯೇನು?

ಆಕಿ: ಇಲ್ಲ. ಎಲ್ಲಾದಕ್ಕಿಂತ ಇದು ಬೇಕು. ನಿಮ್ಮ ರಜಿಸ್ಟರಿನ ಷರಾ ಓದ್ರಿ ನೋಡೂಣು.

ಕಾಕಾ: ‘ಸಣ್ಣ ತಾಕಾ ನಡಿಯೂದಿಲ್ಲ.’ ‘ರೊಕ್ಕ ಮೆಣಸಿನಕಾಯಿ ಆದ ಮ್ಯಾಲ.’ ‘ಮಗನ ಕಡೆ ಮಾತಾಡು.’ ‘ಕಬ್ಬಿನ ಬಿಲ್ಲು ಬಂದ ಮ್ಯಾಲ ಕೊಡ್ತಾನ.’ ‘ತುಂಡು ಬ್ಯಾಡ, ನೂರು ಮೀಟರಿನ ತಾಕಾ ಬೇಕು.’ ‘ಮೆಣಸಿನಕಾಯಿ.’ ‘ಕಬ್ಬು.’

ಆಕಿ: ನಿಂದರ್ರಿ. ಮೆಣಸಿನಕಾಯಿ ಅಂದ್ರ?

ಕಾಕಾ: ಸಂಕೇಶ್ವರಿ ಮೆಣಸಿನಕಾಯಿ ಗಡಹಿಂಗ್ಲಜ ಪೇಟೆಗೆ ಬರ್ತೈತಲ್ಲ, ಆಗ ರೈತನ ಕೈಯಾಗ ರೊಕ್ಕ. ರೈತ ಹಳ್ಳಿ ಅಂಗಡಿಯಂವನ ಉದ್ರಿ ತೀರಸ್ತಾನ, ಅಂಗಡಿಯಂವ ನಮ್ಮದು ತೀರಸ್ತಾನ. ಕಬ್ಬಿನ ಸೀಮೆಯಂವಗ ಕಾರ್ಖಾನೆ ಬಿಲ್ಲು ಬಂದಾಗ. ಅದಕ್ಕೂ ಮೊದಲ ಹತ್ತು ಸಲ ಫೋನ್ ಮಾಡಿದ್ರೂ ಬಾಯಿ ನೋವು ಅಷ್ಟ.

ಆಕಿ: ಕಾಕಾ, ಇದು ನಿಮ್ಮ ಹಾಳ್ಯಾಗ ಯಾಕಿಲ್ಲ? ಉದ್ರಿ ದಿನ 30, 60 ಅಂತ ಬರಸಾಕ ಹತ್ತೀರಿ. ಗಡಹಿಂಗ್ಲಜದ ಗಿರಾಕಿಗೆ ಆ ಅಂಕಿ ಲೆಕ್ಕಕ್ಕನ ಇಲ್ಲ. ಅಲ್ಲಿ ಬೇಕಾದ ಕಾಲಂ ‘ವಸೂಲಿ ಕಾಲ’: ಮೆಣಸಿನಕಾಯಿ, ಕಬ್ಬಿನ ಬಿಲ್ಲು, ಸಂತಿ, ತಿಂಗಳ ಪಗಾರ. ಈ ನಾಕರಾಗ ಒಂದು ಆರಿಸೋದು. ಪೇಟೆಗೆ ಮೆಣಸಿನಕಾಯಿ ಇಳಿದ ವಾರ ಆ ಹೆಸರಿನವರ ಪಟ್ಟಿ ತೆಗೆದು ಫೋನ್ ಮಾಡೋದು. ಇದು ಯಾವ ಕಂಪನಿಯ ತಯಾರ ಕಾಲಮ್ಮಿನ್ಯಾಗ ಇರಾಕ ಸಾಧ್ಯ?

ಕಾಕಾ: ಎಲ್ಲಾರಿಗೂ ಗೊತ್ತಿದ್ದ ಮಾತು ಅಂತ ಬರಿಲಿಲ್ಲ.

ಆಕಿ: ಗೊತ್ತಿದ್ದ ಮಾತನ್ನ ಷರಾದಾಗ ಬರದೀರಿ, ಮತ್ತ ಮತ್ತ ಬರದೀರಿ. ನಮ್ಮ ಕೆಲಸದಾಗ ನಾ ಕಂಡದ್ದು ಇಷ್ಟ: ಆಫೀಸಿನ್ಯಾಗ ಕೂತು ಊಹಿಸಿದ ಕಾಲಂ ಅರ್ಧಕ್ಕ ಅರ್ಧ ಖಾಲಿ ಉಳೀತಾವ. ಷರಾದಾಗ ತಾವಾಗೇ ಹುಟ್ಟಿದ ಮಾತು ತುಂಬತಾವ, ಯಾಕಂದ್ರ ಅವನ್ನ ಬರಿಯೋ ಗರಜು ಬರಿಯೋಂವಗನ ಇತ್ತು. ಅದಕ್ಕ ಮೊದಲ ಕಮ್ಮಿ ಕಾಲಂ, ದೊಡ್ಡ ಷರಾ. ಮೂರು ತಿಂಗಳಿಗೊಮ್ಮೆ ಷರಾ ಓದಬೇಕು. ಎಲ್ಲಾರೂ ಬರಿಯೋ ಮಾತು ಕಂಡ್ರ ಅದಕ್ಕ ಸ್ವಂತ ಕಾಲಂ ಕೊಡಬೇಕು. ಈಗಿಂದೀಗ ಎರಡು ಸಿಕ್ಕವು: ವಸೂಲಿ ಕಾಲ, ಕನಿಷ್ಠ ತಾಕಾ ಉದ್ದ, ಅಂದ್ರ ನಡುವ ಕಡಿಯದ ಒಂದೊಂದು ಬಟ್ಟೆಯ ಉದ್ದ.

ಕಾಕಾ: ಷರಾದಾಗ ಒಬ್ಬನ ಬಗ್ಗೆ ‘ಕಳ್ಳ’ ಅಂತನೂ ಬರದೀನಲ್ಲ.

ಆಕಿ: ಅದು ರಜಿಸ್ಟರಿನ್ಯಾಗ ಇರಲಿ. ಇದರಾಗ ‘ಎರಡು ಚೆಕ್ ವಾಪಸ್’ ಅಂತ ದಿನಾಂಕ ಹಾಕಿ ಬರೀರಿ. ಅಷ್ಟಂದ್ರ ಸಾಕು, ತಿಳಿಯೋರಿಗೆ ತಿಳೀತೈತಿ.

ಕಾಕಾ: ಆಮ್ಯಾಲ ಮನಸ್ಸು ಬದಲಾದ್ರ? ಕಾಲಂ ಹೆಸರು, ನಮೂನಿ ಬದಲಾಯಿಸಬಹುದಲ್ಲ?

ಆಕಿ: ಪರದೆ ಮ್ಯಾಲಿನ ಹೆಸರು ಬೇಕಾದಾಗ ಬದಲಾಯಿಸ್ರಿ. ಒಳಗೊಂದು ಗುಪ್ತ ಹೆಸರು ಇರ್ತೈತಿ, ಫಾರ್ಮುಲಾ, ವರದಿ ಎಲ್ಲಾ ಅದನ್ನ ಹಿಡಕೊಂಡು ನಿಂತಿರ್ತಾವ, ಅದನ್ನ ಮುಟ್ಟಬಾರದು. ನಮೂನಿ ಬದಲಾಯಿಸೋದೂ ಅಪಾಯ, ಟೈಪ್ ಮಾಡೋದನ್ನ ದಿನಾಂಕ ಮಾಡಿದ್ರ ಒಳಗಿನ ಮಾಹಿತಿ ಕಳೀಬಹುದು. ಹೊಸ ಕಾಲಂ ಮಾಡಿ, ಹಳೇದರಿಂದ ನಕಲು ಹೊಡದು, ತಾಳೆ ನೋಡಿ, ಆಮ್ಯಾಲ ಹಳೇದನ್ನ ಮುಚ್ಚೋದು.

ಕಾಕಾ: ಇದರ ಕೀಲಿ ಯಾರ ಕಡೆ ಇರಬೇಕು? ಕೊಲ್ಹಾಪುರ ಆಫೀಸಿನ ಕಡೆ ಇರಲಿ.

ಆಕಿ: ಗಡಹಿಂಗ್ಲಜದ ಕೌಂಟರಿನ ಅಕ್ಕನ ಕಡೆ ಇರಲಿ. ಕೊಲ್ಹಾಪುರದವರಿಗೆ ಕಾಲಂ ಸೇರಸೋದು ಪುಕ್ಕಟೆ, ತುಂಬೋ ತ್ರಾಸು ಅವರದಲ್ಲ. ದಿನಾ ತುಂಬೋ ಕೈಯಾಗ ಕೀಲಿ ಇದ್ರ ಒಂದು ಕಾಲಂ ಹೆಚ್ಚಿಗೆ ಬರೂದಿಲ್ಲ.

ಕಾಕಾ: ಆಕಿ ನನ್ನ ಮಾತೂ ಕೇಳೂದಿಲ್ಲ.

ಆಕಿ: ಅದಕ್ಕನ ಆಕಿ. ಗಡಹಿಂಗ್ಲಜದ ಅಂಗಡಿಯಿಂದನ ಶುರು ಮಾಡೂಣು. ಅಲ್ಲಿ ಒಂದು ಹಂಗಾಮಿನ ವಸೂಲಿ ಬರೋಬ್ಬರಿ ಬಂದ್ರ ಇಚಲಕರಂಜಿಗೆ ತರೂಣು, ಕೊಲ್ಹಾಪುರದ ಆಫೀಸಿಗೆ ಎಲ್ಲಾದಕ್ಕಿಂತ ಕಡೀಗೆ.